ಪ್ರಕಾಶಕರು: ಅಜ್ಞಾತ

ಕುತೈಸಿಯ ಹಸಿರು ಬಜಾರಿನ ಹಿಂದೆ, ಮೆಟ್ಟಿಲ ಕೆಳಗೆ
ಒಂದೂವರೆ ಮೇಜಿನಷ್ಟು ಅಂಗಡಿ ನನ್ನದು.
ಮಕ್ವಾಲಾ ಬಂದಳು,
ಹಿಟ್ಟಿನ ಚೀಲದಲ್ಲಿ ಸುತ್ತಿದ ಕಂಪ್ಯೂಟರನ್ನು
ಕಾಯಿಲೆ ಕೂಸಿನಂತೆ ಎದೆಗವಚಿಕೊಂಡು.
ಸ್ಕ್ಯಾನು ಮೂವತ್ತೇಳಕ್ಕೆ ನಿಂತಿದೆ ಅಂದಳು, ನಿನ್ನೆ ಸಂಜೆಯಿಂದ.
ಥರ್ಮಾಮೀಟರಿನಲ್ಲಾದರೆ ಅದು ಆರೋಗ್ಯ ಅಂದೆ.
ನಗಲಿಲ್ಲ.

ತೆರೆದು ನೋಡಿದರೆ ಒಳಗೆ ಮೂವರು ಕಾವಲುಗಾರರು.
ಒಬ್ಬ ಯಂತ್ರದ ಜೊತೆಗೇ ಬಂದವನು,
ಇನ್ನೊಬ್ಬನನ್ನು ಅಳಿಯ ತಂದು ಹಾಕಿದ್ದು.
ಇಬ್ಬರೂ ಒಂದೇ ಫೈಲಿನ ಎರಡು ತುದಿ ಹಿಡಿದು
ನಾನು ನೋಡ್ತೀನಿ, ಬಿಡು, ನಾನು ನೋಡ್ತೀನಿ
ಎಂದು ಜಗ್ಗಾಡುತ್ತಿದ್ದರು.
ಮೂರನೆಯವನು ಕೆಂಪು ಕಿಟಕಿಯಲ್ಲಿ ತಾನಾಗಿಯೇ ಬಂದವನು:
ನಿಮ್ಮಲ್ಲಿ ನಾನೂರ ಹನ್ನೆರಡು ವೈರಸ್ಸು, ಈಗಲೇ ಹಣ ಕಟ್ಟಿ.
ಕಟ್ಟಿದ್ದಳು. ಎಂಬತ್ತು ಲರಿ.
ಬೇಲಿಯೇ ಎದ್ದು ಹೊಲ ಮೇಯುವುದು ಹಳೆಯ ಮಾತು;
ಇದು ಮೇಯ್ದದ್ದಲ್ಲದೆ
ಬೇಲಿ ಕಟ್ಟಿದ ಕೂಲಿಯನ್ನೂ ಕೇಳಿತ್ತು.

ಮೊದಲು ಬ್ಯಾಂಕಿಗೆ ಫೋನು ಮಾಡಿಸಿದೆ.
ಕಿಟಕಿ ಕೊಟ್ಟ ನಂಬರಿಗಲ್ಲ, ಕಾರ್ಡಿನ ಬೆನ್ನ ಮೇಲಿನದಕ್ಕೆ.
ಆಮೇಲೆ ನೆಟ್ಟಿನ ತಂತಿ ಕಿತ್ತೆ,
ಸೇಫ್ ಮೋಡಿನ ಬೋಳು ಪರದೆಯಲ್ಲಿ
ಕೆಂಪಿನವನನ್ನು ಬೇರುಸಹಿತ ತೆಗೆದೆ,
ಅಳಿಯನವನಿಗೂ ಮರ್ಯಾದೆಯಿಂದ ಬಾಗಿಲು ತೋರಿಸಿದೆ.
ಉಳಿದವನೊಬ್ಬನೇ. ತಂತಿ ಮತ್ತೆ ಸಿಕ್ಕಿಸಿದರೂ
ಅವನು ಅಪ್‌ಡೇಟು ಒಲ್ಲೆ ಅನ್ನುತ್ತಾನೆ.
ಒಂದು ಗಂಟೆ. ಎರಡು ಟೀ.

ಕೊನೆಗೆ ಕಣ್ಣಿಗೆ ಬಿದ್ದದ್ದು ಮೂಲೆಯ ಗಡಿಯಾರ.
ಯಂತ್ರಕ್ಕೆ ಇನ್ನೂ ಎರಡು ಸಾವಿರದ ಒಂಬತ್ತು, ಜನವರಿ.
ಹೊರಗಿಂದ ಬಂದವರ ಗುರುತಿನ ಚೀಟಿಯಲ್ಲೆಲ್ಲ
ಇನ್ನೂ ಹುಟ್ಟದ ತಾರೀಖು;
ಯಾರನ್ನು ಒಳಗೆ ಬಿಟ್ಟಾನು?
ಒಳಗೊಂದು ಬಿಲ್ಲೆ ಬ್ಯಾಟರಿ ಸತ್ತಿತ್ತು, ಮೂರು ಲರಿಯದು.
ಒಂಬತ್ತರಲ್ಲಿ ಅಂಜೋರ್ ಇದ್ದ, ಅಂದಳು ಮಕ್ವಾಲಾ,
ಯಾರಿಗೂ ಅಲ್ಲ, ಟೀ ಲೋಟಕ್ಕೆ.

ಬಿಲ್ಲೆ ಬದಲಾಯಿಸಿದೆ. ವರುಷಗಳು ಒಮ್ಮೆಗೇ ಬಂದಿಳಿದವು.
ಕಾವಲುಗಾರ ಕಣ್ಣುಜ್ಜಿಕೊಂಡ, ಸ್ಕ್ಯಾನು ಮೂವತ್ತೇಳು ದಾಟಿತು,
ಐವತ್ತು, ಎಂಬತ್ತು,
ತೊಂಬತ್ತೊಂದಕ್ಕೆ ಸಿಳ್ಳೆ ಹಾಕಿದ:
ಪುರಿ ಡಾಟ್ ಎಕ್ಸ್‌ಇ. ಶಂಕಾಸ್ಪದ. ಪ್ರಕಾಶಕರು: ಅಜ್ಞಾತ.
ಎತ್ತಿಕೊಂಡು ಹೋಗಿ ಕ್ವಾರಂಟೈನಿನಲ್ಲಿಟ್ಟ.

ಅಜ್ಞಾತ ಅಂದರೆ? ಕುರ್ಚಿಯಿಂದ ಎದ್ದೇಬಿಟ್ಟಳು.
ನನ್ನ ತಮ್ಮ ಬರೆದದ್ದು ಅದು.
ಪುರಿ ಅಂದರೆ ನಮ್ಮಲ್ಲಿ ಒಲೆಯ ಗೋಡೆಗೆ ಬಡಿದು ಸುಡುವ ರೊಟ್ಟಿ.
ದಿನಕ್ಕೆ ಎರಡೇ ತಾಸು ಕರೆಂಟಿದ್ದ ಚಳಿಗಾಲದಲ್ಲಿ
ಕತ್ತಲಲ್ಲಿ ಕಾಗದದ ಮೇಲೆ, ಬೆಳಕು ಬಂದಾಗ ಕೀಲಿಯ ಮೇಲೆ
ಅಂಜೋರ್ ಬರೆದ ಸಾಲದ ಲೆಕ್ಕ:
ಯಾವ ಮನೆಗೆ ಎಷ್ಟು ರೊಟ್ಟಿ, ಯಾರು ಕೊಟ್ಟರು,
ಯಾರನ್ನು ಕೇಳಬಾರದು.

ನನಗೆ ಗೊತ್ತು ಅವನು, ಅಂದಳು.
ನನಗೆ ಗೊತ್ತಿಲ್ಲವಲ್ಲ, ಅಂದೆ.
ಕಲ್ಲಿನಂಥ ಮಾತು. ಆದರೂ ಆಡಬೇಕಿತ್ತು:
ಸತ್ತವರ ಹೆಸರು ಹೊತ್ತು ಬರುವ ಕಳ್ಳರನ್ನೂ
ಇದೇ ಮೇಜಿನ ಮೇಲೆ ಕಂಡಿದ್ದೇನೆ.
ನೆಟ್ಟಿಲ್ಲದ ಹಳೆಯ ಯಂತ್ರವೊಂದರಲ್ಲಿ ಅದನ್ನು ಬಿಟ್ಟು ನೋಡಿದೆ.
ಯಾರನ್ನೂ ಕರೆಯಲಿಲ್ಲ, ಏನನ್ನೂ ಕದಿಯಲಿಲ್ಲ.
ಹಸಿರು ಅಕ್ಷರದಲ್ಲಿ ಕೇಳಿತು ಅಷ್ಟೆ:
ಇವತ್ತು ಎಷ್ಟು ಸುಟ್ಟೆ, ಅಕ್ಕಾ?

ವಿನಾಯಿತಿ ಕೊಟ್ಟೆ. ಆ ಒಂದು ಫೈಲಿಗೆ,
ಇಡೀ ಫೋಲ್ಡರಿಗಲ್ಲ.
ಒಂದು ಪ್ರತಿ ಬೇರೆ ಡಿಸ್ಕಿಗೆ ಇಳಿಸಿ
ಹಿಟ್ಟಿನ ಚೀಲಕ್ಕೇ ಹಾಕಿದೆ.

ಹೊಸ ಪಾಸ್‌ವರ್ಡು ಹಾಕಿ ಎಂದು ಕಿಟಕಿಯತ್ತ ತಿರುಗಿದೆ.
ಅವಳು ಒಂದೊಂದೇ ಅಕ್ಷರ ಒತ್ತುತ್ತ
ಜೋರಾಗಿ ಓದಿಯೇಬಿಟ್ಟಳು.
ಮೆಟ್ಟಿಲ ಮೇಲೆ ಜೋಳ ಮಾರುವವನೂ ಕೇಳಿಸಿಕೊಂಡ.
ಬದಲಾಯಿಸಿ, ಅಂದೆ.
ಮತ್ತೆ ಓದಿದಳು, ಸ್ವಲ್ಪ ಮೆತ್ತಗೆ.
ಬದಲಾಯಿಸಿ.
ಮೂರನೆಯ ಸಲ ಕೀಲಿಗಳ ಸದ್ದು ಮಾತ್ರ.
ಆಗ ಮೊದಲ ಬಾರಿ ನಕ್ಕಳು:
ಇದನ್ನು ಅಂಜೋರನಿಗೂ ಹೇಳೋದಿಲ್ಲ.